ಬೆನ್ನುಮೂಳೆಯ ಸ್ಕ್ರೂವಿಗೆ ಬೆಲೆ ಕಟ್ಟಿದವರು ಯಾರು?

ಆಷಾಢದ ಮಳೆ ಹಿಡಿಯಿತೆಂದರೆ ಅಡಿಕೆ ಮರಕ್ಕೆ ಪಾಚಿ ಕಟ್ಟುತ್ತದೆ. ಕೊಳೆ ಔಷಧಿ ಹೊಡೆಯಬೇಕಾದದ್ದೂ ಆ ಹೊತ್ತಿಗೇ. ಸುಣ್ಣ ಮೈಲುತುತ್ತ ಬೆರೆಸಿದ ನೀರನ್ನು ಮರದ ತಲೆಗೆ ಹಾಯಿಸದಿದ್ದರೆ ತೋಟದ ಯಜಮಾನರ ಫಸಲು ಮಣ್ಣುಪಾಲು. ಆದರೆ ಮರ ಏರುವವರು ಯಜಮಾನರಲ್ಲ. ಏರುವವನು ಕೊನೆಗಾರ. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ತೂಗಿಕೊಂಡು ಹಾಯುವ ಆ ಮನುಷ್ಯನ ಕೆಳಗೆ ಬಲೆಯಿಲ್ಲ, ಜೇಬಿನಲ್ಲಿ ಇ.ಎಸ್.ಐ. ಕಾರ್ಡಿಲ್ಲ. ಕಾಲು ಜಾರಿದರೆ ಹಿಮ್ಮಡಿಯ ಮೇಲೋ ಕುಂಡೆಯ ಮೇಲೋ ಕುಕ್ಕರಿಸುತ್ತಾನೆ. ಆ ಪೆಟ್ಟು ನೇರವಾಗಿ ಮೇಲೇರಿ ಎದೆಯ ಮೂಳೆಸಾಲು ಮುಗಿದು ಸೊಂಟದ ಸಾಲು ಆರಂಭವಾಗುವ ಜಾಗದಲ್ಲಿ ಒಂದು ಮಣಿಯನ್ನು ಜಜ್ಜಿ ಹಾಕುತ್ತದೆ.

ಅಂಥವನ ಬೆನ್ನಿನೊಳಗೆ ಡಾಕ್ಟರರು ಕೂರಿಸುವ ಸ್ಕ್ರೂ ಮತ್ತು ಸರಳುಗಳ ವಿಷಯವಾಗಿ ಎರಡು ಮಾತು ಬರೆಯಬೇಕೆಂದು ಕುಳಿತಿದ್ದೇನೆ. ಮೂಳೆ ಆಪರೇಷನ್ನಿನ ಮಾತು ನಿಮ್ಮ ಪತ್ರಿಕೆಗೇಕೆ, ಅದನ್ನು ತಿಳಿದವರಿಗೆ ಬಿಡಿ ಎಂದು ಮೂಗು ಮುರಿಯುವವರು ಇದ್ದೇ ಇದ್ದಾರೆ. ಗೇಣಿಯ ಮಾತು ಎತ್ತಿದಾಗ ಅದು ಶಾನುಭೋಗರ ಲೆಕ್ಕ, ನಿಮಗೇಕೆ ಎಂದವರ ಮೊಮ್ಮಕ್ಕಳು ಇವರು. ಡಾಕ್ಟರರ ಕೈಯ ಕಸುಬಿಗೆ ನಾನು ಕೈ ಹಾಕುವವನಲ್ಲ. ಆದರೆ ಲೆಕ್ಕ ಹೇಳಿಕೊಟ್ಟು ಅನ್ನ ತಿಂದವನು ನಾನು. ಬಿಲ್ಲಿನಲ್ಲಿ ಕೂಡಿದ್ದು ಕಳೆದದ್ದು ಕಾಣದಿದ್ದರೆ ಸುಮ್ಮನಿರುವ ಅಭ್ಯಾಸ ನನಗಿಲ್ಲ.

ನಾನು ಬಲ್ಲ ಕೊನೆಗಾರನೊಬ್ಬ ಹೀಗೆಯೇ ಬಿದ್ದ. ಹೆಸರು ಬೇಡ, ಅವನನ್ನು ಕೊಂಡೊಯ್ದ ಆಸ್ಪತ್ರೆಯ ಹೆಸರೂ ಬೇಡ. ಆಪರೇಷನ್ ಚೆನ್ನಾಗಿಯೇ ಆಯಿತು. ಮಾಡಿದ ವೈದ್ಯರ ಕೈಗುಣವನ್ನು ಅವನು ಇಂದಿಗೂ ನೆನೆಯುತ್ತಾನೆ. ಆದರೆ ಬಿಡುಗಡೆಯ ದಿನ ಅವನ ಹೆಂಡತಿ ಬಿಲ್ಲು ಹಿಡಿದುಕೊಂಡು ಬಂದು, “ಮೇಷ್ಟ್ರೇ, ಇಲ್ಲೇನು ಬರೆದಿದಾರೆ ನೋಡಿ, ಎಷ್ಟು ಮೊಳೆ ಹೊಡೆದಿದಾರಂತೆ?” ಎಂದಳು. ನೋಡಿದೆ. ಮಾತ್ರೆಗೆ ಒಂದು ಸಾಲು, ಹತ್ತಿಗೆ ಒಂದು ಸಾಲು, ಕೈಗವಸಿಗೂ ಒಂದು ಸಾಲು ಇತ್ತು. ಬೆನ್ನಿನೊಳಗೆ ಹೋದ ಸಾಮಾನಿಗೆಲ್ಲ ಸೇರಿ “ಇಂಪ್ಲಾಂಟ್” ಎಂಬ ಒಂದೇ ಪದ, ಅದರ ಮುಂದೆ ಅವನ ಎರಡು ವರ್ಷದ ಕೂಲಿಯನ್ನು ಮೀರಿದ ಅಂಕಿ. ಎಷ್ಟು ಸ್ಕ್ರೂ? ಯಾವ ಕಂಪೆನಿಯದು? ಒಂದಕ್ಕೆ ಬೆಲೆ ಎಷ್ಟು? ಕಿಟಕಿಯ ಹಿಂದಿನ ಗುಮಾಸ್ತರು, “ಅದು ಪ್ಯಾಕೇಜು ಸಾರ್, ಬಿಡಿಸಿ ಹೇಳೋಕೆ ಬರಲ್ಲ” ಎಂದರು. ಕೊನೆಗೆ ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದು ನಾನೇ ಎಣಿಸಬೇಕಾಯಿತು. ಎಂಟು ಸ್ಕ್ರೂ, ಎರಡು ಸರಳು. ಆ ಎಕ್ಸ್-ರೇಯೇ ಅವನಿಗೆ ದೊರೆತ ರಶೀದಿ!

ದುಡ್ಡು ಎಲ್ಲಿಂದ ಬಂತೆಂದು ಕೇಳುತ್ತೀರಾ? ಗಬ್ಬದ ಹಸು ಹೋಯಿತು, ಹೆಂಡತಿಯ ಕಿವಿಯದು ಹೋಯಿತು, ಮಿಕ್ಕಿದ್ದನ್ನು ತೋಟದ ಯಜಮಾನರೇ ಕೈಗಡ ಕೊಟ್ಟರು. ಇನ್ನು ಅವನ ಮಗ ಆ ತೋಟ ಬಿಟ್ಟು ಬೇರೆ ಕೆಲಸಕ್ಕೆ ಹೋಗುವಂತಿಲ್ಲ. ಜೀತವನ್ನು ಕಾನೂನು ಎಂದೋ ಎತ್ತಿಹಾಕಿತು. ಅದು ಈಗ ಆಸ್ಪತ್ರೆಯ ಬಿಲ್ಲಿನ ಬಾಗಿಲಿನಿಂದ ಒಳಗೆ ಬರುತ್ತಿದೆ.

ಈ ಸಾಮಾನು ಏನು, ಏಕೆ ಎಂಬುದನ್ನು ಮೊದಲು ತಿಳಿಯೋಣ. ತಿಳಿಯದೆ ಬೈಯುವುದು ನಮ್ಮ ಪದ್ಧತಿಯಲ್ಲ. ಬೆನ್ನುಮೂಳೆಯ ಒಂದೊಂದು ಮಣಿಗೂ ಮುಂದೆ ಭಾರ ಹೊರುವ ಗಟ್ಟಿ ದಿಂಡು, ಹಿಂದೆ ಒಂದು ಕಮಾನು. ದಿಂಡಿಗೂ ಕಮಾನಿಗೂ ಎಡಕ್ಕೊಂದು ಬಲಕ್ಕೊಂದು ಗಿಡ್ಡ ಕಂಬದಂಥ ಸೇತುವೆ. ಅದಕ್ಕೆ ಪೆಡಿಕಲ್ ಎಂದು ಹೆಸರು. ಎರಡು ಕಂಬಗಳ ನಡುವಿನ ಓಣಿಯಲ್ಲಿ ಬೆನ್ನುಹುರಿ. ಹಿಂದಿನಿಂದ ಈ ಕಂಬದೊಳಗೇ ಸ್ಕ್ರೂ ತಿರುಗಿಸಿ ಮುಂದಿನ ದಿಂಡಿನವರೆಗೆ ಇಳಿಸುತ್ತಾರೆ. ಸೊಂಟದ ಭಾಗದಲ್ಲಿ ಸ್ಕ್ರೂವಿನ ದಪ್ಪ ಸುಮಾರು ೬ ಮಿಲಿಮೀಟರು, ಉದ್ದ ೪೦, ೪೫ ಮಿಲಿಮೀಟರು. ಒಳಮಗ್ಗುಲಿಗೆ ಕೆಲವೇ ಮಿಲಿಮೀಟರು ಜಾರಿದರೆ ಹುರಿಗೋ ನರಕ್ಕೋ ಪೆಟ್ಟು. ಆದ್ದರಿಂದಲೇ ಎಕ್ಸ್-ರೇ ಯಂತ್ರವನ್ನು ಪಕ್ಕದಲ್ಲಿಟ್ಟುಕೊಂಡು ಹೆಜ್ಜೆ ಹೆಜ್ಜೆಗೂ ನೋಡಿ ಇಳಿಸುವುದು. ಮುರಿದ ಮಣಿಯ ಮೇಲೆ ಎರಡು, ಕೆಳಗೆ ಎರಡು ಮಣಿಗಳಿಗೆ ಹೀಗೆ ಜೋಡಿ ಸ್ಕ್ರೂ ಹಾಕಿ, ಅವುಗಳ ಬಟ್ಟಲಿನಂಥ ತಲೆಯಲ್ಲಿ ಎರಡು ಮಗ್ಗುಲಿಗೂ ಒಂದೊಂದು ಸರಳು ಕೂರಿಸಿ, ಮೇಲೆ ಪುಟ್ಟ ತಿರುಪು ಬಿಗಿದರೆ ಮುಗಿಯಿತು. ಎಂಟು ಸ್ಕ್ರೂ, ಎಂಟು ಬಿಗಿತಿರುಪು, ಎರಡು ಸರಳು, ಒಟ್ಟು ಹದಿನೆಂಟು ತುಂಡು ಲೋಹ. ಸಾಮಾನ್ಯವಾಗಿ ಟೈಟೇನಿಯಂ ಬೆರಕೆಯದು, ಇಲ್ಲವೆ ತುಕ್ಕು ಹಿಡಿಯದ ಉಕ್ಕು.

ಮೂಳೆ ಕೂಡುವ ತನಕ ಭಾರ ಹೊರುವುದಷ್ಟೇ ಈ ಲೋಹದ ಕೆಲಸ. ಮನೆ ಕಟ್ಟುವಾಗ ಕೊಡುವ ಊರೆಗಂಬದ ಹಾಗೆ. ಮೂಳೆ ಕೂಡದೇ ಹೋದರೆ, ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದಂತೆ, ಎಂಥ ಸರಳೂ ಒಂದು ದಿನ ದಣಿದು ಮುರಿಯುತ್ತದೆ. ಹಾಗೆಯೇ, ಬೀಳುವಾಗಲೇ ಹುರಿ ಹರಿದುಹೋಗಿದ್ದರೆ ಸ್ಕ್ರೂ ಹಾಕಿ ಕಾಲಿಗೆ ಜೀವ ತರಲಾಗದು. ಆದರೂ ಇದರ ಉಪಕಾರ ಸಣ್ಣದಲ್ಲ. ಮುಂಚೆ ಇಂಥವನು ವಾರಗಟ್ಟಲೆ ತಿಂಗಳುಗಟ್ಟಲೆ ಅಂಗಾತ ಮಲಗಬೇಕಿತ್ತು. ಬೆನ್ನು ಹುಣ್ಣಾಗಿ, ಎದೆಯಲ್ಲಿ ಕಫ ಕಟ್ಟಿ, ಬಿದ್ದ ಪೆಟ್ಟಿಗಿಂತ ಮಲಗಿದ್ದರಿಂದಲೇ ಸತ್ತವರುಂಟು. ಈಗ ಕೆಲವೇ ದಿನಗಳಲ್ಲಿ ಎಬ್ಬಿಸಿ ಕೂರಿಸುತ್ತಾರೆ.

ಆದ್ದರಿಂದ ನನ್ನ ಮೊದಲ ಜಗಳ ನಮ್ಮ ಜನರೊಡನೆಯೇ. “ಬೆನ್ನಿಗೆ ಕತ್ತಿ ಹಾಕಿಸಿದರೆ ಮತ್ತೆ ಏಳುವುದಿಲ್ಲ” ಎಂದು ಹೇಳಿ, ಮುರಿದ ಬೆನ್ನಿನವನನ್ನು ಗೋಣಿಯಲ್ಲಿ ಹೊತ್ತು ಎಣ್ಣೆ ತಿಕ್ಕುವವರ ಮನೆಗೆ ಒಯ್ಯುವವರು ಇನ್ನೂ ಇದ್ದಾರೆ. ಕಾಲು ಸ್ವಾಧೀನ ತಪ್ಪುತ್ತಿರುವಾಗ ಒಂದೊಂದು ಗಂಟೆಯೂ ಬೆಲೆಯುಳ್ಳದ್ದು. ಮುರಿದ ಬೆನ್ನನ್ನು ಗೋಣಿಯಲ್ಲಿ ಮಡಚಿ ಹೊತ್ತರೆ ಉಳಿದ ನರವೂ ಹೋದೀತು. ಹಲಗೆಯ ಮೇಲೆ ನೆಟ್ಟಗೆ ಮಲಗಿಸಿ, ಮೈ ತಿರುಚದ ಹಾಗೆ ಆಸ್ಪತ್ರೆಗೆ ಒಯ್ಯಬೇಕು. ಇದರಲ್ಲಿ ರಾಜಕೀಯವಿಲ್ಲ. ಮನೆಮನೆಗೂ ಹೇಳಿ.

ಎರಡನೆಯ ಜಗಳ ದೊಡ್ಡದು, ಬೆಲೆ ಕಟ್ಟಿದವರೊಡನೆ. ಅವರ ವಾದ ಹೀಗಿದೆ: ಇದು ಉನ್ನತ ವಿಜ್ಞಾನ, ಕಂಪೆನಿಗಳು ಕೋಟಿಗಟ್ಟಲೆ ಸುರಿದು ಶೋಧಿಸಿದ್ದು, ಶೋಧನೆಗೆ ಬೆಲೆ ಕೊಡಲೇಬೇಕು.

ಶೋಧಿಸಿದವರು ಯಾರು ಸ್ವಾಮಿ? ಚರಿತ್ರೆ ತೆಗೆದು ನೋಡೋಣ. ಪೋಲಿಯೋ ಬಡಿದು ಬೆನ್ನು ಸೊಟ್ಟಗಾದ ಮಕ್ಕಳನ್ನು ನೋಡಿ ನೋಡಿ, ಅಮೇರಿಕದ ಹ್ಯೂಸ್ಟನ್ನಿನಲ್ಲಿ ಪಾಲ್ ಹ್ಯಾರಿಂಗ್ಟನ್ ಎಂಬ ವೈದ್ಯರು ಕೊಕ್ಕೆ ಇರುವ ಉಕ್ಕಿನ ಸರಳು ರೂಪಿಸಿ ೧೯೬೨ರಲ್ಲಿ ಅದರ ವಿವರ ಪ್ರಕಟಿಸಿದರು. ಪೆಡಿಕಲ್‌ನೊಳಕ್ಕೆ ಉದ್ದ ಸ್ಕ್ರೂ ಇಳಿಸುವುದನ್ನು ಕೆನಡಾದ ವ್ಯಾಂಕೂವರಿನ ಬೌಷರ್ ೧೯೫೯ರಲ್ಲೇ ಬರೆದಿದ್ದರು. ೧೯೬೩ರಿಂದ ಪ್ಯಾರಿಸಿನ ರೇಮಂಡ್ ರಾಯ್-ಕಾಮಿಲ್ ಸ್ಕ್ರೂಗಳನ್ನು ಪಟ್ಟಿಗೆ ಜೋಡಿಸಿ ಕೂರಿಸತೊಡಗಿದರು. ಅದೇ ಫ್ರಾನ್ಸಿನ ಕೊಟ್ರೆಲ್ ಮತ್ತು ದ್ಯುಬುಸ್ಸೆ ಎಂಬಿಬ್ಬರು ೧೯೮೦ರ ದಶಕದಲ್ಲಿ ಒಂದೇ ಸರಳಿಗೆ ಬೇಕಾದ ಕಡೆಯೆಲ್ಲ ಕೊಕ್ಕೆ, ಸ್ಕ್ರೂ ಜೋಡಿಸಿ ತಿರುಚಿದ ಬೆನ್ನನ್ನು ನೇರ ಮಾಡುವ ಕ್ರಮ ತಂದರು. ಇವರೆಲ್ಲ ಆಸ್ಪತ್ರೆಗಳ ಶಸ್ತ್ರವೈದ್ಯರು. ರೋಗಿಯ ಸಂಕಟ ನೋಡಿ ಯೋಚಿಸಿದವರು.

ಇವರಲ್ಲಿ ನನಗೆ ಅತಿ ಪ್ರಿಯರಾದವರು ಮೆಕ್ಸಿಕೋದ ಎಡ್ವರ್ಡೋ ಲೂಕೆ. ಹ್ಯಾರಿಂಗ್ಟನ್ ಸರಳು ಹಾಕಿದ ಮೇಲೆ ರೋಗಿ ತಿಂಗಳುಗಟ್ಟಲೆ ಪ್ಲಾಸ್ಟರಿನ ಅಂಗಿ ತೊಡಬೇಕಿತ್ತು. ಮೆಕ್ಸಿಕೋದ ಸೆಖೆಯಲ್ಲಿ ಅದನ್ನು ತೊಟ್ಟುಕೊಂಡು ಯಾರು ಬದುಕಿಯಾರು? ದೂರದ ಹಳ್ಳಿಯ ಬಡವ ಮತ್ತೆ ಮತ್ತೆ ಪರೀಕ್ಷೆಗೆ ಬರುವುದಾದರೂ ಹೇಗೆ? ಈ ಎರಡು ಪ್ರಶ್ನೆಗಳಿಗೆ ಉತ್ತರವಾಗಿ ಅವರು ೧೯೭೦ರ ದಶಕದಲ್ಲಿ, ಒಂದೊಂದು ಮಣಿಗೂ ತಂತಿ ಹಾಯಿಸಿ ಸಾದಾ ಸರಳಿಗೆ ಬಿಗಿಯುವ ಕ್ರಮ ಕಂಡುಹಿಡಿದರು. ಪ್ಲಾಸ್ಟರ್ ಬೇಡವಾಯಿತು. ಒಂದೇ ಕಡೆ ಎಳೆಯದೆ ಮಣಿಮಣಿಯನ್ನೂ ಹಿಡಿಯಬೇಕೆಂಬ ಆ ತತ್ವವೇ ಇಂದಿನ ಸ್ಕ್ರೂ-ಸರಳಿನ ಒಳಗೂ ಇದೆ. ಎಂದರೆ ಬಡವನ ಕಷ್ಟದಿಂದಲೇ ಹುಟ್ಟಿದ ಶೋಧ! ಈಗ ಅದನ್ನು ಬಡವನಿಗೇ ಒಂದಕ್ಕೆ ಹತ್ತಾಗಿ ಮಾರುವಾಗ “ಶೋಧನೆಯ ಖರ್ಚು” ಎನ್ನುತ್ತಾರೆ. ಕಂಪೆನಿಗಳು ಏನೂ ಮಾಡಿಲ್ಲವೆಂದು ನಾನು ಹೇಳುತ್ತಿಲ್ಲ. ಎತ್ತ ಬೇಕಾದರೂ ಹೊರಳುವ ತಲೆಯ ಸ್ಕ್ರೂ, ಶುದ್ಧ ಲೋಹ, ಕರಾರುವಾಕ್ಕಾದ ಮರೆ, ಇವಕ್ಕೆ ಖರ್ಚಿದೆ, ಕೊಡೋಣ. ಎಷ್ಟು ಖರ್ಚು ಎಂದು ಬಾಯಿಬಿಟ್ಟು ಹೇಳಲಿ. ಹೇಳಲಾರರು.

ಹೇಳಿಸಿದರೆ ಏನಾಗುತ್ತದೆಂಬುದನ್ನು ನಮ್ಮ ದೇಶ ಒಮ್ಮೆ ನೋಡಿದೆ. ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟಿನ ಲೆಕ್ಕವನ್ನು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ೨೦೧೭ರ ಜನವರಿಯಲ್ಲಿ ಹೊರಗಿಟ್ಟಾಗ, ಆಸ್ಪತ್ರೆಗಳು ಹಾಕಿಕೊಂಡ ಲಾಭ ಕೆಲವೆಡೆ ಶೇಕಡ ೬೫೪ರವರೆಗೆ ಏರಿದ್ದು ಬಯಲಾಯಿತು. ಫೆಬ್ರವರಿಯಲ್ಲಿ ಬೆಲೆಗೆ ಮಿತಿ ಬಂತು: ಔಷಧ ಲೇಪಿಸಿದ ಸ್ಟೆಂಟಿಗೆ ೨೯,೬೦೦ ರೂಪಾಯಿ, ಲೇಪವಿಲ್ಲದ್ದಕ್ಕೆ ೭,೨೬೦. ಲಕ್ಷದ ಮೇಲೆ ಹೋಗಿದ್ದ ಮಾಲು ಅದು. ಅದೇ ವರ್ಷದ ಆಗಸ್ಟಿನಲ್ಲಿ ಮಂಡಿಚಿಪ್ಪಿನ ಸರದಿ. ಹೆಚ್ಚಾಗಿ ಬಳಕೆಯಲ್ಲಿದ್ದ ಕೋಬಾಲ್ಟ್-ಕ್ರೋಮಿಯಂ ಮಂಡಿ ಸರಾಸರಿ ಒಂದೂವರೆ ಲಕ್ಷ ದಾಟಿದ್ದದ್ದು ೫೪,೭೨೦ಕ್ಕೆ ಇಳಿಯಿತು. ಪ್ರಳಯವಾಯಿತೆ? ಕೆಲವು ವಿದೇಶಿ ಕಂಪೆನಿಗಳು ತಮ್ಮ ಮಾದರಿಗಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆಂದು ಅರ್ಜಿ ಹಾಕಿ ಮುಖ ಊದಿಸಿದವು. ಸ್ಟೆಂಟು ಹಾಕುವುದೂ ನಿಲ್ಲಲಿಲ್ಲ, ಮಂಡಿ ಬದಲಿಸುವುದೂ ನಿಲ್ಲಲಿಲ್ಲ.

ಆ ಎರಡು ಆದೇಶಗಳಲ್ಲಿ ಬೆನ್ನುಮೂಳೆಯ ಸ್ಕ್ರೂವಿನ ಹೆಸರಿರಲಿಲ್ಲ. ಏಕೆ? ಹೃದ್ರೋಗ, ಮಂಡಿನೋವು ದೊಡ್ಡವರ ಮನೆಗೂ ಬರುತ್ತವೆ. ಮರದಿಂದ, ಸಾರುವೆಯಿಂದ, ಬಾವಿಯ ಕಟ್ಟೆಯಿಂದ ಬೀಳುವವರು ಯಾರೆಂದು ಬಿಡಿಸಿ ಹೇಳಬೇಕೆ? ಇದು ನನ್ನ ಊಹೆ ಎಂದು ಬೇಕಾದರೆ ತಳ್ಳಿಹಾಕಿ. ಪಟ್ಟಿಯಲ್ಲಿ ಹೆಸರಿರಲಿಲ್ಲವೆಂಬುದು ಊಹೆಯಲ್ಲ. ೨೦೨೦ರ ಏಪ್ರಿಲ್ ೧ರಿಂದ ಎಲ್ಲ ವೈದ್ಯಕೀಯ ಸಾಧನಗಳನ್ನೂ ಔಷಧದ ಕಾನೂನಿನಡಿ ತಂದರು, ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಬೆಲೆ ಏರಿಸಬಾರದೆಂಬ ಕಟ್ಟು ಬಿತ್ತು. ಸಂತೋಷ. ಆದರೆ ಮೊದಲೇ ಆಕಾಶಕ್ಕೇರಿಸಿ ಅಚ್ಚು ಹಾಕಿದ ಬೆಲೆಗೆ ಏರಿಕೆಯ ಮಿತಿ ಹಾಕಿದರೆ ಕಳ್ಳನಿಗೆ ಕದ್ದ ಮಾಲನ್ನು ಬಿಟ್ಟುಕೊಟ್ಟು, ಇನ್ನು ಮೇಲೆ ಸ್ವಲ್ಪ ಸ್ವಲ್ಪವೇ ಕದಿಯಪ್ಪಾ ಎಂದ ಹಾಗಾಯಿತು.

“ಈಗ ಸರ್ಕಾರದ ಕಾರ್ಡಿದೆಯಲ್ಲ, ಬಡವನಿಗೇನು ಚಿಂತೆ?” ಎನ್ನುವವರೂ ಇದ್ದಾರೆ. ಆಯುಷ್ಮಾನ್ ಭಾರತ - ಆರೋಗ್ಯ ಕರ್ನಾಟಕ ೨೦೧೮ರಲ್ಲಿ ಬಂತು, ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಎಂದಿತು. ಅದರಿಂದ ಬದುಕಿಕೊಂಡವರಿದ್ದಾರೆ, ಅಲ್ಲಗಳೆಯುವುದಿಲ್ಲ. ಆದರೆ ಬೊಕ್ಕಸ ಕೊಟ್ಟರೂ ಅದು ನಮ್ಮ ತೆರಿಗೆಯ ದುಡ್ಡೇ. ಖರೀದಿಯ ಬೆಲೆಗೆ ಕಡಿವಾಣವಿಲ್ಲದಾಗ ಬೊಕ್ಕಸ ದುಡ್ಡು ಕೊಡುತ್ತಾ ಹೋದರೆ ಏನಾಗುತ್ತದೆಂಬುದಕ್ಕೆ ಅಮೇರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಥೆ ಕೇಳಿ. ಇದು ಅಲ್ಲಿನ ನ್ಯಾಯಾಲಯದಲ್ಲಿ ಸಾಬೀತಾದದ್ದು.

ಅಲ್ಲಿ ಕೆಲಸದಲ್ಲಿ ಗಾಯಗೊಂಡ ಕಾರ್ಮಿಕನ ಚಿಕಿತ್ಸೆಯ ಖರ್ಚನ್ನು ಕಾರ್ಮಿಕ ಪರಿಹಾರದ ವಿಮೆ ಕೊಡಬೇಕು. ಬೆನ್ನಿನ ಸ್ಕ್ರೂ ಸರಳುಗಳ ಬೆಲೆಯನ್ನಂತೂ ಆಸ್ಪತ್ರೆ ಪ್ರತ್ಯೇಕವಾಗಿ, ಪೂರಾ ಪೂರಾ ವಿಮೆಯ ಮೇಲೆ ಹಾಕಬಹುದೆಂದು ಕಾನೂನಿತ್ತು. ಲಾಂಗ್ ಬೀಚ್ ಎಂಬ ಊರಿನ ಪೆಸಿಫಿಕ್ ಹಾಸ್ಪಿಟಲ್ಲಿನ ಒಡೆಯ ಮೈಕಲ್ ಡ್ರೋಬಟ್ ಇದರಲ್ಲಿ ಗಣಿ ಕಂಡ. ತಾನೇ ಒಂದು ಕಂಪೆನಿ ಮಾಡಿ, ಸ್ಕ್ರೂಗಳಿಗೆ ಮನಬಂದ ಬೆಲೆ ಹಾಕಿ ತನ್ನ ಆಸ್ಪತ್ರೆಗೇ ಮಾರಿದ. ರೋಗಿಗಳು ಬೇಕಲ್ಲ? ಸೊಂಟದ ಮೂಳೆ ಬೆಸೆಯುವ ಒಂದು ಆಪರೇಷನ್ನಿಗೆ ರೋಗಿಯನ್ನು ಕಳಿಸಿದವರಿಗೆ ಸಾಮಾನ್ಯವಾಗಿ ೧೫,೦೦೦ ಡಾಲರು, ಕುತ್ತಿಗೆಯದಕ್ಕೆ ೧೦,೦೦೦ ಡಾಲರು ದಲ್ಲಾಳಿ! ಎಮ್ಮೆ ಸಂತೆಯಲ್ಲಿ ಟವೆಲಿನಡಿ ಬೆರಳು ಹಿಡಿದು ವ್ಯಾಪಾರ ಮಾಡುವವರೂ ನಾಚಬೇಕು. ಈ ಕಾನೂನು ಬದಲಾಗದಂತೆ ಕಾಯಲು ರಾಜ್ಯದ ಸೆನೆಟರ್ ರೊನಾಲ್ಡ್ ಕಾಲ್ಡೆರಾನ್‌ಗೆ ಲಂಚ ಕೊಟ್ಟ. ಲಂಚದ ಒಂದು ಬಗೆ ಏನೆಂದರೆ, ಸೆನೆಟರನ ಮಗನಿಗೆ ಬೇಸಿಗೆಯಲ್ಲಿ ಹದಿನೈದು ದಿನ ಕಡತ ಜೋಡಿಸುವ ಗುಮಾಸ್ತಿಕೆ, ಒಂದೊಂದು ಬೇಸಿಗೆಗೆ ೧೦,೦೦೦ ಡಾಲರು ಸಂಬಳ. ಆ ಕಾನೂನು ೨೦೧೩ರಲ್ಲಿ ತೊಲಗಿತು. ಸೆನೆಟರನಿಗೆ ೨೦೧೬ರಲ್ಲಿ ೪೨ ತಿಂಗಳು, ಒಡೆಯನಿಗೆ ೨೦೧೮ರ ಜನವರಿಯಲ್ಲಿ ೬೩ ತಿಂಗಳು ಸೆರೆಮನೆಯಾಯಿತು. ಆದರೆ ದಲ್ಲಾಳಿಯ ಆಸೆಗೆ ಸುಮ್ಮನೆ ಸ್ಕ್ರೂ ಹಾಕಿಸಿಕೊಂಡ ಕಾರ್ಮಿಕನೊಬ್ಬ ಅವರಲ್ಲಿದ್ದರೆ, ಅವನ ಬೆನ್ನಿನ ಸ್ಕ್ರೂವನ್ನು ಬಿಚ್ಚುವ ತೀರ್ಪು ಯಾವ ನ್ಯಾಯಾಧೀಶರಿಂದಲೂ ಸಾಧ್ಯವಿಲ್ಲ.

ಇಲ್ಲಿಗೆ ಇನ್ನೊಂದು ಮಾತು ಬಂತು. ಬೆನ್ನು ನೋವೆಂದವರಿಗೆಲ್ಲ ಸ್ಕ್ರೂ ಬೇಕೆ? ಬೇಡ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ ಹೆಂಗಸರಲ್ಲಿ, ಮೂಟೆ ಹೊರುವ ಹಮಾಲರಲ್ಲಿ ಬೆನ್ನು ನೋವಿಲ್ಲದವರನ್ನು ಹುಡುಕಿ ತೆಗೆಯಬೇಕು. ಬ್ರಿಟನ್ನಿನ ೧೫ ಆಸ್ಪತ್ರೆಗಳಲ್ಲಿ, ಬಹುದಿನದ ಸೊಂಟನೋವಿನ ೩೪೯ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮೂಳೆ ಬೆಸೆಯುವ ಆಪರೇಷನ್, ಇನ್ನೊಂದಕ್ಕೆ ಬಿಗಿಯಾದ ವ್ಯಾಯಾಮ ಶಿಕ್ಷಣ ಕೊಟ್ಟು ನೋಡಿದರು. ೨೦೦೫ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆಪರೇಷನ್ನೇ ಮೇಲೆಂಬುದಕ್ಕೆ ಸ್ಪಷ್ಟ ಆಧಾರ ಸಿಗಲಿಲ್ಲ. ಮುರಿದ ಬೆನ್ನಿಗೂ ಎಲ್ಲ ಸಲ ಲೋಹ ಬೇಕಿಲ್ಲ. ಮಣಿ ಒಡೆದರೂ ನರಕ್ಕೆ ಪೆಟ್ಟಿಲ್ಲದೆ, ಬೆನ್ನು ಭದ್ರವಾಗಿ ನಿಂತವರಿಗೆ ಪಟ್ಟಿ ಕಟ್ಟಿಯೂ ವಾಸಿ ಮಾಡಬಹುದೆಂದು ೨೦೦೩ರಲ್ಲಿ ಅಮೇರಿಕದಲ್ಲೇ ಪ್ರಕಟವಾದ ಪರೀಕ್ಷೆ ತೋರಿಸಿತು. ಬೆನ್ನುಮೂಳೆಯ ಕ್ಷಯದ ವಿಚಾರದಲ್ಲಿ ನಮ್ಮ ಕಾಶಿಯ ವೈದ್ಯರಾದ ತುಲಿಯವರು ೧೯೭೫ರಲ್ಲೇ ಮಧ್ಯಮ ಮಾರ್ಗ ಹೇಳಿಕೊಟ್ಟಿದ್ದಾರೆ: ಮೊದಲು ಔಷಧ, ವಿಶ್ರಾಂತಿ, ಅದಕ್ಕೆ ಬಗ್ಗದಿದ್ದರೆ, ಕಾಲಿನ ಬಲ ಕುಂದಿ ಮರಳದಿದ್ದರೆ ಕತ್ತಿ.

ಇಂಥ ಮಾತು ಆಡಿದವರಿಗೆ ಆಗುವುದೇನು? ಅದನ್ನೂ ಕೇಳಿ. ಹೊಸದಾಗಿ ಬಂದ ಸೊಂಟನೋವಿಗೆ ಆಪರೇಷನ್ ಬೇಕಾಗುವುದು ಅಪರೂಪವೆಂದು ಅಮೇರಿಕ ಸರ್ಕಾರದ ಒಂದು ಸಂಸ್ಥೆ ೧೯೯೪ರ ಕೊನೆಗೆ ಮಾರ್ಗದರ್ಶಿ ಹೊರಡಿಸಿತು. ಸ್ಕ್ರೂ ಮಾಡುವ ಸೊಫಾಮೋರ್ ಡಾನೆಕ್ ಕಂಪೆನಿ ಅದನ್ನು ತಡೆಯಲು ಕೋರ್ಟಿಗೆ ಹೋಯಿತು. ಒಂದಷ್ಟು ಬೆನ್ನುಮೂಳೆ ತಜ್ಞರು ಗುಂಪು ಕಟ್ಟಿಕೊಂಡು ಆ ಸಂಸ್ಥೆಯನ್ನೇ ಮುಚ್ಚಿಸಲು ಅಲ್ಲಿನ ಶಾಸನಸಭೆಗೆ ಮುತ್ತಿಗೆ ಹಾಕಿದರು. ಸಂಸ್ಥೆ ಕಷ್ಟಪಟ್ಟು ಉಳಿಯಿತು. ಅನುದಾನಕ್ಕೆ ಕತ್ತರಿ ಬಿತ್ತು, ಮಾರ್ಗದರ್ಶಿ ಬರೆಯುವ ಕೆಲಸ ನಿಂತಿತು. ಅದೇ ಕಾಲದಲ್ಲಿ, ಕೈಕಾಲಿನ ಮೂಳೆಗೆಂದು ಅನುಮತಿ ಪಡೆದ ಸ್ಕ್ರೂಗಳನ್ನು ಬೆನ್ನಿಗೆ ಹಾಕಿಸಿದರೆಂದು ಸಾವಿರಾರು ರೋಗಿಗಳು ದಾವೆ ಹೂಡಿದ್ದರು. ಆಕ್ರೋಮೆಡ್ ಎಂಬ ಕಂಪೆನಿ ೧೯೯೬ರಲ್ಲಿ ೧೦ ಕೋಟಿ ಡಾಲರಿನ ರಾಜಿಗೆ ಒಪ್ಪಿತು. ನ್ಯಾಯವಾಗಿ ಹೇಳುವುದಾದರೆ, ೧೯೯೮ರಲ್ಲಿ ಅಲ್ಲಿನ ಔಷಧ ಇಲಾಖೆ ದಾಖಲೆಗಳನ್ನು ಪರಿಶೀಲಿಸಿ, ಗೊತ್ತಾದ ರೋಗಗಳಿಗೆ ಈ ಸ್ಕ್ರೂ ಸಲ್ಲುತ್ತದೆಂದು ಒಪ್ಪಿತು. ಸ್ಕ್ರೂ ಒಳ್ಳೆಯದೇ. ಸಲ್ಲದ ಬೆನ್ನಿಗೆ ಅದನ್ನು ತಿರುಗಿಸುವ ಲೋಭ ಮಾತ್ರ ಕೆಟ್ಟದ್ದು.

ನಾವು ಕೇಳುವುದು ಆಕಾಶದ ಚಂದ್ರನನ್ನಲ್ಲ. ಸ್ಟೆಂಟಿಗೆ, ಮಂಡಿಗೆ ಹಾಕಿದಂತೆ ಬೆನ್ನಿನ ಸ್ಕ್ರೂ, ಬಿಗಿತಿರುಪು, ಸರಳುಗಳಿಗೆ ಒಂದೊಂದಕ್ಕೂ ಮೇಲ್ಮಿತಿ ಬೆಲೆ ಹಾಕಲಿ. ಬಿಲ್ಲಿನಲ್ಲಿ “ಇಂಪ್ಲಾಂಟ್” ಎಂಬ ಒಂದು ಪದದ ಬದಲು ಎಷ್ಟು ಸ್ಕ್ರೂ, ಯಾವ ಅಳತೆ, ಯಾರು ಮಾಡಿದ್ದು, ಯಾವ ತಯಾರಿಕಾ ಸಂಖ್ಯೆ, ಬೆಲೆ ಎಷ್ಟೆಂದು ಕನ್ನಡದಲ್ಲಿ ಬರೆದು ರೋಗಿಯ ಕೈಗೆ ಕೊಡಲಿ. ಇದು ದುಡ್ಡಿಗಷ್ಟೇ ಅಲ್ಲ, ಪ್ರಾಣಕ್ಕೂ ಬೇಕಾದದ್ದು. ಸಾಧನಗಳಿಂದಾದ ತೊಂದರೆಗಳನ್ನು ದಾಖಲಿಸಲು ಕೇಂದ್ರ ಸರ್ಕಾರ ೨೦೧೫ರಲ್ಲೇ ಒಂದು ಕಾರ್ಯಕ್ರಮ ಆರಂಭಿಸಿತು. ನಾಳೆ ಸರಳು ಮುರಿದರೆ, ಯಾವ ಕಂಪೆನಿಯದೆಂದೇ ತಿಳಿಯದ ಕೊನೆಗಾರ ಅಲ್ಲಿ ಏನೆಂದು ದೂರು ಬರೆಸಬೇಕು? ಇನ್ನು ಜಿಲ್ಲಾಸ್ಪತ್ರೆಗಳಲ್ಲೇ ಈ ಆಪರೇಷನ್ ಆಗುವಂತೆ ತಜ್ಞರನ್ನೂ ಎಕ್ಸ್-ರೇ ಯಂತ್ರವನ್ನೂ ಒದಗಿಸಿ, ಸ್ಕ್ರೂಗಳನ್ನು ಸರ್ಕಾರವೇ ಸಗಟಾಗಿ ಟೆಂಡರು ಕರೆದು ಕೊಳ್ಳಲಿ. ಕೂಲಿಯಾಳನ್ನು ಮರ ಹತ್ತಿಸುವ ಯಜಮಾನರು ಹತ್ತಿಸುವ ಮೊದಲೇ ಅವನ ಹೆಸರಿನಲ್ಲಿ ವಿಮೆ ಕಟ್ಟಲಿ. ಫಸಲಿಗೆ ವಿಮೆ ಕಟ್ಟಲು ಸಾಲುಗಟ್ಟಿ ನಿಲ್ಲುವವರಿಗೆ ಇದೊಂದು ಭಾರವೆ?

ಅರ್ಜಿ ಸಿದ್ಧವಾಗುತ್ತಿದೆ. ಆದರೆ ಅರ್ಜಿಗೆ ಆಧಾರ ಬೇಕು, ಬರಿಯ ಕೂಗು ಸಾಲದು. ಬೆನ್ನಿಗೆ ಸ್ಕ್ರೂ ಹಾಕಿಸಿಕೊಂಡವರು ಅಥವಾ ಅವರ ಮನೆಯವರು ಬರುವ ಸಂತೆಯ ದಿನ ಈ ಪತ್ರಿಕೆಯ ಕಚೇರಿಗೆ ಬರಬೇಕು. ಬಿಲ್ಲು, ಬಿಡುಗಡೆಯ ಚೀಟಿ, ಎಕ್ಸ್-ರೇ ಮೂರನ್ನೂ ತನ್ನಿ. ನಕಲು ತೆಗೆದುಕೊಂಡು ಮೂಲವನ್ನು ಅಲ್ಲೇ ಹಿಂದಕ್ಕೆ ಕೊಡುತ್ತೇವೆ, ಹೆಸರನ್ನು ಎಲ್ಲಿಯೂ ಅಚ್ಚು ಹಾಕುವುದಿಲ್ಲ. ಬಿಲ್ಲು ಕಳೆದುಹೋಗಿದ್ದರೆ ಎಕ್ಸ್-ರೇ ಒಂದನ್ನಾದರೂ ತನ್ನಿ. ಸ್ಕ್ರೂ ಎಣಿಸುವುದನ್ನು ನಾನು ಕಲಿತಿದ್ದೇನೆ.